ಬಾಲಬೋಧೆಯಲ್ಲಿ ಮಂದಗಾಮಿ ಪ್ರಾಣಿಗಳು

ಎಳೆಯ ಮಕ್ಕಳಿಗೆ ಪ್ರಾಣಿಗಳ ವಿಷಯವನ್ನು ಹೇಳಿಕೊಡುವ ಪದ್ಧತಿಯು ಕರ್ಣಾಟಕದಲ್ಲಿ ಬಹು ಪ್ರಾಚೀನವಾದುದು. ಆದರೆ ಆ ಬೋಧೆಯಲ್ಲಿ ಎಲ್ಲ ಪ್ರಾಣಿಗಳಿಗೂ ಸಮವಾದ ಸ್ಥಾನವು ದೊರೆಯಿತೆಂದು ಹೇಳುವಂತಿಲ್ಲ. ಸಿಂಹವು ಶೌರ್ಯಕ್ಕೂ, ಆನೆಯು ಗಾಂಭೀರ್ಯಕ್ಕೂ, ಜಿಂಕೆಯು ವೇಗಕ್ಕೂ ನಿದರ್ಶನಗಳಾಗಿ ಕಥೆ ಕಾವ್ಯಗಳಲ್ಲೆಲ್ಲ ತುಂಬಿಕೊಂಡಿವೆ. ಶಾಲೆಯ ಗೋಡೆಯ ಮೇಲಣ ಅಕ್ಷರಮಾಲೆಯ ಪಟದಲ್ಲಿಯೂ 'ಆ' ಎಂಬಲ್ಲಿ ಸಾಮಾನ್ಯವಾಗಿ ಆನೆಯೇ ನಿಂತಿರುವುದಲ್ಲದೆ ಆಮೆಗೆ ಅವಕಾಶವಿಲ್ಲ. ಆಮೆ, ಬಸವನ ಹುಳು, ಎರೆಹುಳು, ಗೋಸುಂಬೆ, ಕಾಡುಪಾಪ ಮೊದಲಾದ ಮಂದಗಾಮಿ ಪ್ರಾಣಿಗಳು ಬಾಲಬೋಧೆಯಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲಿಯೇ ಕುಳಿತಿವೆ. ಹೀಗಿದ್ದರೂ ಮಗುವಿನ ಕೈಗೆ ಮೊದಲು ಎಟುಕುವ ಪ್ರಾಣಿಗಳು ಇವೇ ಎಂಬುದನ್ನು ಮರೆಯಲಾಗದು. ಉಳಿದ ಪ್ರಾಣಿಗಳು ಮಗುವನ್ನು ಕಂಡು ಓಡುತ್ತವೆ, ಇಲ್ಲವೆ ಅವನ್ನು ಕಂಡು ಮಗುವೇ ಓಡುತ್ತದೆ. ಮಂದಗಾಮಿಗಳ ಮುಂದೆ ಮಾತ್ರ ಮಗುವಿಗೆ ಕುಳಿತು ನೋಡುವ ಸಾವಕಾಶವೂ ಉಂಟು, ಬೇಕೆಂದರೆ ನೋಯಿಸುವ ಸಾಮರ್ಥ್ಯವೂ ಉಂಟು. ಲೋಕದಲ್ಲಿ ತನಗಿಂತ ದುರ್ಬಲವಾದ ಜೀವವೊಂದಿದೆಯೆಂದು ಮಗುವು ಮೊದಲು ತಿಳಿಯುವುದು ಇಲ್ಲಿಯೇ. ಆದಕಾರಣ ಇವುಗಳ ವಿಷಯವಾಗಿ ಹಿಂದಿನವರು ಮಕ್ಕಳಿಗೆ ಏನನ್ನು ಹೇಳಿಕೊಟ್ಟರು, ಅದು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತು ಎಂಬುದನ್ನು ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಅಪ್ರಕೃತವಾಗಲಾರದು.

ಈ ಸೀಮೆಯು ಅಂತಹ ವಿಚಾರಕ್ಕೆ ಅತ್ಯಂತ ಯೋಗ್ಯವಾದುದು. ಹಿಂದೆ ಅರಿಕುಠಾರವೆನಿಸಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟುದರಿಂದ ಚಾಮರಾಜನಗರವಾದ ಪಟ್ಟಣದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಗುಂಡ್ಲುಪೇಟೆಯ ದಕ್ಷಿಣಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಬಂಡೀಪುರದ ಅರಣ್ಯವೂ. ನಡುವೆ ಜೋಳ, ರಾಗಿ, ಹುರುಳಿಗಳ ಬಯಲು, ಕುರುಚಲು ಕಾಡು, ಮಳೆಯನ್ನೇ ನಂಬಿದ ಕೆರೆಗಳು. ಕೆರೆಯ ನೀರು ಬತ್ತಿದಾಗ ಆಮೆಯು ಕೆಸರಿನೊಳಗೆ ಹುದುಗಿಕೊಂಡು ಮರಳಿ ಮಳೆಯಾಗುವ ತನಕ ಉಪವಾಸವಿರುತ್ತದೆ. ಬೇಲಿಯ ಗಿಡಗಳಲ್ಲಿ ಗೋಸುಂಬೆಯು ಗಾಳಿಗೆ ಓಲಾಡುವ ಎಲೆಯಂತೆ ಮುಂದಕ್ಕೂ ಹಿಂದಕ್ಕೂ ತೂಗಿ ತೂಗಿ ಹೆಜ್ಜೆಯಿಡುತ್ತದೆ. ಇರುಳಾದರೆ ಬೆಟ್ಟದ ತಪ್ಪಲಿನ ಮರಗಳಲ್ಲಿ ಕಾಡುಪಾಪವು ಎಚ್ಚರಗೊಳ್ಳುತ್ತದೆ. ಈ ಸೀಮೆಯ ಮೃಗಗಳ ಕೀರ್ತಿಯನ್ನು ಹೊರದೇಶಕ್ಕೆ ಮುಟ್ಟಿಸಿದವನು 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡವನ್ನು ನಡೆಯಿಸಿ ಆನೆಗಳನ್ನು ಹಿಡಿದ ಸ್ಯಾಂಡರ್‌ಸನ್ನನು. ಅವನು 1878ರಲ್ಲಿ ಪ್ರಕಟಿಸಿದ ಗ್ರಂಥದ ಭಾರವೆಲ್ಲವೂ ಆನೆ, ಹುಲಿ, ಕಾಟಿಗಳ ಮೇಲೆಯೇ ಬಿದ್ದಿದೆ. ಬೇಟೆಗಾರನ ಕಣ್ಣಿಗೆ ಮಂದಗಾಮಿಯು ಬೀಳದಿರುವುದು ಸಹಜವೇ. ಅದನ್ನು ಹಿಡಿಯುವುದರಲ್ಲಿ ಪೌರುಷವೇನೂ ಇಲ್ಲವಷ್ಟೆ.

ಹಿಂದಿನ ಕಾಲದ ಕೂಲಿಮಠಗಳಲ್ಲಿ ಐಗಳು ಮಕ್ಕಳನ್ನು ಮರಳಿನ ಮುಂದೆ ಕುಳ್ಳಿರಿಸಿ ಅಕ್ಷರಗಳನ್ನು ತಿದ್ದಿಸುತ್ತಿದ್ದರು. ಅದು ಮುಗಿದ ಬಳಿಕ ಅಮರಕೋಶವು ಬಾಯಿಗೆ ಬರಬೇಕು. ಅರ್ಥವು ತಿಳಿಯುವುದಕ್ಕೆ ಮುಂಚೆಯೇ ಕಂಠಪಾಠವಾಗುತ್ತಿದ್ದ ಆ ಕೋಶವನ್ನು ಹೊಸ ಶಿಕ್ಷಣಶಾಸ್ತ್ರಜ್ಞರು ಎಷ್ಟೇ ಹಳಿದರೂ, ಅದರಲ್ಲಿ ಪ್ರಾಣಿಗಳನ್ನು ವಿಂಗಡಿಸಿರುವ ಕ್ರಮವು ಗಮನಾರ್ಹವಾಗಿದೆ. ಕಾಡಿನ ಮೃಗಗಳು ಸಿಂಹಾದಿವರ್ಗದಲ್ಲಿ ಬರುತ್ತವೆ. ಗೋಸುಂಬೆಗೆ ಹೇಳುವ ಸರಟ, ಕೃಕಲಾಸ ಎಂಬ ಹೆಸರುಗಳೂ ಅಲ್ಲಿಯೇ ಇವೆ. ಕೂರ್ಮ, ಕಮಠ, ಕಚ್ಛಪ ಎಂಬ ಆಮೆಯ ಹೆಸರುಗಳೂ, ಶಂಬೂಕವೂ ವಾರಿವರ್ಗಕ್ಕೆ ಸೇರಿವೆ. ಎರೆಹುಳುವಿಗೆ ಅಮರಸಿಂಹನು ಕೊಟ್ಟಿರುವ ಹೆಸರುಗಳಲ್ಲಿ ಮಹೀಲತೆ ಎಂಬುದೊಂದು. ನೆಲದ ಬಳ್ಳಿ ಎಂದು ಅದರ ಅರ್ಥ. ಕೈಕಾಲುಗಳಿಲ್ಲದೆ ಮಣ್ಣಿನಲ್ಲಿ ಹಬ್ಬಿಕೊಂಡು ಹೋಗುವ ಜೀವಿಯನ್ನು ಕಂಡು ಯಾರೋ ಒಬ್ಬರು ಬಹು ಹೊತ್ತು ನೋಡುತ್ತ ಕುಳಿತಿದ್ದಿರಬೇಕು. ಇಲ್ಲವಾದರೆ ಇಂತಹ ಹೆಸರು ಹುಟ್ಟುವುದಿಲ್ಲ. ಕನ್ನಡದ ಹೆಸರುಗಳಲ್ಲಿಯೂ ಈ ನೋಟವು ಕಾಣುತ್ತದೆ. ಎರಡು ಕೊಂಬುಗಳನ್ನು ಮುಂದೆ ಚಾಚಿ ತನ್ನ ಭಾರವನ್ನು ತಾನೇ ಹೊತ್ತು ನಡೆಯುವ ಹುಳುವಿಗೆ ಬಸವನ ಹೆಸರನ್ನಿಟ್ಟ ಒಕ್ಕಲು ಮಕ್ಕಳೂ, ದೊಡ್ಡ ಕಣ್ಣುಗಳಿಂದ ಬೆದರಿ ನೋಡುವ ಇರುಳಿನ ಪ್ರಾಣಿಯನ್ನು ಕಾಡಿನ ಪಾಪವೆಂದು ಕರೆದ ತಾಯಂದಿರೂ ಯಾವ ಕೋಶಕಾರರಿಗೂ ಕಡಮೆಯಾದವರಲ್ಲ. ಪಾಪವೆಂದರೆ ಇಲ್ಲಿ ಮಗು ಎಂಬ ಅರ್ಥ. ಕಾಡುಪಾಪಕ್ಕೆ ಸಂಸ್ಕೃತ ಕೋಶದಲ್ಲಿ ಸ್ಪಷ್ಟವಾದ ಹೆಸರು ದೊರೆಯುವುದಿಲ್ಲವಾದುದರಿಂದ ಈ ಕನ್ನಡದ ಮಾತಿಗೆ ಬೆಲೆ ಇನ್ನೂ ಹೆಚ್ಚು.

ಹೆಸರುಗಳ ತರುವಾಯ ಕಥೆಗಳು. ಪಂಚತಂತ್ರವು ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿಯೇ ಅದನ್ನು ಚಂಪೂರೂಪದಲ್ಲಿ ಬರೆದನು. ಪಾಠಶಾಲೆಗಳಲ್ಲಿ ಮಕ್ಕಳು ಓದುತ್ತಿದ್ದ ಸಂಸ್ಕೃತದ ಪಂಚತಂತ್ರ ಹಿತೋಪದೇಶಗಳಲ್ಲಿ ಎರಡು ಆಮೆಗಳು ಪ್ರಸಿದ್ಧವಾಗಿವೆ. ಮೊದಲನೆಯದು ಕಂಬುಗ್ರೀವ. ಎರಡು ಹಂಸಗಳು ಕಡ್ಡಿಯ ಎರಡು ತುದಿಗಳನ್ನು ಕಚ್ಚಿಕೊಂಡು, ನಡುವೆ ಕಚ್ಚಿ ಹಿಡಿದ ಆಮೆಯನ್ನು ಆಕಾಶಮಾರ್ಗದಲ್ಲಿ ಒಯ್ಯುತ್ತಿರುವಾಗ, ಅದು ಬಾಯಿ ತೆರೆದು ಕೆಳಗೆ ಬಿದ್ದು ಸತ್ತ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಎರಡನೆಯದು ಮಂಥರಕ. ಮಂಥರವೆಂದರೆ ಮೆಲ್ಲನೆ ನಡೆಯುವುದು. ಆದುದರಿಂದ ಇದು ಹೆಸರಿನಿಂದಲೇ ಮಂದಗಾಮಿ. ಇದರ ಗೆಳೆಯರಾದರೋ ಲಘುಪತನಕನೆಂಬ ಕಾಗೆ, ಹಿರಣ್ಯಕನೆಂಬ ಇಲಿ, ಚಿತ್ರಾಂಗನೆಂಬ ಜಿಂಕೆ. ಒಂದು ದಿನ ಜಿಂಕೆಯು ಬೇಡನ ಬಲೆಯಲ್ಲಿ ಸಿಕ್ಕಿಬಿತ್ತು. ಕಾಗೆಯು ಹಾರಿಹೋಗಿ ನೋಡಿ ಬಂದು, ಬಲೆಯನ್ನು ಕಡಿಯಲು ಇಲಿಯನ್ನು ಕರೆದೊಯ್ದಿತು. ಮಂಥರಕನು ಸರೋವರದಲ್ಲಿ ಸುಮ್ಮನೆ ಇರಲಾರದೆ, ಗೆಳೆಯನ ಮೇಲಣ ಪ್ರೀತಿಯಿಂದ ತಾನೂ ನೀರನ್ನು ಬಿಟ್ಟು ನೆಲದ ಮೇಲೆ ಹೊರಟನು. ಅವನು ಬಂದು ಸೇರುವ ಹೊತ್ತಿಗೆ ಬೇಡನೂ ಬಂದನು. ಇಲಿಯು ಬಿಲವನ್ನು ಹೊಕ್ಕಿತು, ಕಾಗೆಯು ಮರವನ್ನು ಏರಿತು, ಬಿಡುಗಡೆಯಾದ ಜಿಂಕೆಯು ಕಾಡನ್ನು ಸೇರಿತು. ಓಡಲಾರದ ಆಮೆಯೊಂದೇ ಬೇಡನ ಕೈಗೆ ಸಿಕ್ಕಿತು.

ಕಥೆಯು ಇಲ್ಲಿಗೆ ನಿಲ್ಲುವುದಿಲ್ಲ. ವೇಗಶಾಲಿಗಳಾದ ಮೂವರೂ ಕೂಡಿ ಉಪಾಯವೊಂದನ್ನು ಮಾಡಿದರು. ಜಿಂಕೆಯು ಬೇಡನು ಹೋಗುವ ದಾರಿಯಲ್ಲಿ ನೀರಿನ ಬಳಿ ಸತ್ತಂತೆ ಬಿದ್ದುಕೊಂಡಿತು. ಕಾಗೆಯು ಅದರ ಕಣ್ಣನ್ನು ಕುಕ್ಕುವಂತೆ ನಟಿಸಿತು. ದೊಡ್ಡ ಬೇಟೆ ದೊರೆಯಿತೆಂದು ಬೇಡನು ಆಮೆಯನ್ನು ನೆಲದ ಮೇಲೆ ಹಾಕಿ ಮುಂದೆ ಹೋದನು. ಅಷ್ಟರಲ್ಲಿ ಇಲಿಯು ಕಟ್ಟನ್ನು ಕಡಿದುಹಾಕಿತು, ಆಮೆಯು ನೀರಿಗಿಳಿಯಿತು, ಜಿಂಕೆಯು ನೆಗೆದು ಓಡಿತು. ಈ ಕಥೆಯಲ್ಲಿ ಮಂದಗತಿಯು ಗುಣವೂ ಅಲ್ಲ, ದೋಷವೂ ಅಲ್ಲ. ಅದು ಮಂಥರಕನ ಹುಟ್ಟು ಸ್ವಭಾವ. ಅದರಿಂದ ಅವನಿಗೆ ಅಪಾಯ ಬರುತ್ತದೆ. ಅಪಾಯ ಬಂದಾಗ ಅವನನ್ನು ಉಳಿಸುವುದು ಓಡಬಲ್ಲವರ ಹೊಣೆಯಾಗುತ್ತದೆ. ಆಮೆಗೆ ಬೇಗ ನಡೆ ಎಂದು ಬುದ್ಧಿ ಹೇಳುವವನು ಇಲ್ಲಿ ಯಾವನೂ ಇಲ್ಲ.

ಭಾರತದ ವನಪರ್ವದಲ್ಲಿಯೂ ಆಮೆಯೊಂದರ ಪ್ರಸಂಗವಿದೆ. ಪುಣ್ಯವು ಕ್ಷೀಣಿಸಿ ಸ್ವರ್ಗದಿಂದ ಬಿದ್ದ ಇಂದ್ರದ್ಯುಮ್ನರಾಯನನ್ನು ಬಲ್ಲವರು ಭೂಮಿಯಲ್ಲಿ ಯಾರಾದರೂ ಉಂಟೇ ಎಂದು ಹುಡುಕುತ್ತ ಹೋದಾಗ, ಚಿರಜೀವಿಯಾದ ಮಾರ್ಕಂಡೇಯನೂ ಅರಿಯನು, ಮುದಿ ಗೂಗೆಯೂ ಅರಿಯದು, ಅದಕ್ಕಿಂತ ಮುದಿಯಾದ ಕೊಕ್ಕರೆಯೂ ಅರಿಯದು. ಕೊನೆಗೆ ಸರೋವರದಲ್ಲಿದ್ದ ಅಕೂಪಾರನೆಂಬ ಆಮೆಯು ಕಣ್ಣೀರು ತುಂಬಿ, ಅವನನ್ನು ಬಲ್ಲೆನೆಂದೂ, ಅವನು ದಾನವಿತ್ತ ಗೋವುಗಳ ತುಳಿತದಿಂದಲೇ ಆ ಸರೋವರವು ಉಂಟಾಯಿತೆಂದೂ ಹೇಳುತ್ತದೆ. ಎಲ್ಲರೂ ಮರೆತುದನ್ನು ನೆನಪಿನಲ್ಲಿಟ್ಟುಕೊಂಡ ಜೀವಿಯು ಆಮೆ. ಮಕ್ಕಳಿಗೆ ಇಂತಹ ಕಥೆಯನ್ನು ಹೇಳಿದರೆ ಕೆರೆಯ ದಡದಲ್ಲಿ ಬಿಸಿಲು ಕಾಯಿಸುತ್ತಿರುವ ಆಮೆಯ ಕಡೆಗೆ ಕಲ್ಲನ್ನು ಎಸೆಯಲು ಅವರ ಕೈ ಸ್ವಲ್ಪವಾದರೂ ಹಿಂಜರಿಯದೆ ಇರದು.

ಭಾಗವತದ ದಶಮಸ್ಕಂಧದಲ್ಲಿ ಬರುವ ನೃಗೋಪಾಖ್ಯಾನವನ್ನು ಹಿರಿಯರು ಸಾಮಾನ್ಯವಾಗಿ ದಾನದ ಸೂಕ್ಷ್ಮವನ್ನು ತಿಳಿಸಲು ಹೇಳುತ್ತಾರೆ. ಒಮ್ಮೆ ದಾನವಾಗಿದ್ದ ಗೋವು ಅರಿಯದೆ ಮತ್ತೊಮ್ಮೆ ದಾನವಾದುದರಿಂದ ನೃಗರಾಜನು ಕೃಕಲಾಸನಾಗಿ ಹುಟ್ಟಿ, ಹಾಳು ಬಾವಿಯಲ್ಲಿ ಬಿದ್ದಿದ್ದನು. ಆದರೆ ಅವನನ್ನು ಮೊದಲು ಕಂಡವರು ಯಾರು? ಆಡುವುದಕ್ಕೆಂದು ಹೋಗಿದ್ದ ಯಾದವರ ಹುಡುಗರು. ಬಾಯಾರಿ ನೀರನ್ನು ಹುಡುಕುತ್ತ ಬಾವಿಯೊಳಗೆ ಇಣಿಕಿ ನೋಡಿ, ಆ ವಿಚಿತ್ರವಾದ ಪ್ರಾಣಿಗೆ ಮರುಗಿ, ತೊಗಲಿನ ಮಿಣಿಗಳನ್ನೂ ಹಗ್ಗಗಳನ್ನೂ ಬಿಟ್ಟು ಅದನ್ನು ಮೇಲೆತ್ತಲು ಯತ್ನಿಸಿದರು. ಆಗದಿರಲು ಹೋಗಿ ಶ್ರೀಕೃಷ್ಣನಿಗೆ ತಿಳಿಸಿದರು. ಅದು ರಾಜನೆಂಬುದು ಅವರಿಗೆ ಗೊತ್ತಿರಲಿಲ್ಲ. ಅವರು ಕಂಡುದು ಬಾವಿಯಿಂದ ಹತ್ತಿ ಬರಲಾರದ ಒಂದು ಪ್ರಾಣಿಯನ್ನು, ಅಷ್ಟೆ. ಹಳ್ಳಿಯ ಹುಡುಗರು ಬೇಲಿಯಲ್ಲಿ ಗೋಸುಂಬೆಯನ್ನು ಕಂಡಾಗ ಏನು ಮಾಡುತ್ತಾರೆಂಬುದು ವಾಚಕರಿಗೆ ವಿದಿತವೇ ಇದೆ. ಅದಕ್ಕೆ ವಿಷವುಂಟೆಂಬ ನಂಬಿಕೆಯು ಸುಳ್ಳು. ಅದರ ಬಣ್ಣವು ಬದಲಾಗುವುದು ಮೋಸಕ್ಕಾಗಿಯೂ ಅಲ್ಲ. ಬಿಸಿಲು, ತಣ್ಪು, ಭಯ, ಕೋಪ ಇವುಗಳಿಗೆ ತಕ್ಕಂತೆ ಆಗುವ ದೇಹಧರ್ಮವದು. ಮಾತು ಬದಲಾಯಿಸುವ ಮನುಷ್ಯನನ್ನು ಗೋಸುಂಬೆಯೆಂದು ಬೈಯುವ ದೊಡ್ಡವರ ಮಾತನ್ನು ಕೇಳಿ ಮಕ್ಕಳು ಆ ಬಡ ಪ್ರಾಣಿಯ ಮೇಲೆ ಕಲ್ಲನ್ನು ಎತ್ತುತ್ತಾರೆ.

ಈ ಸೀಮೆಯಲ್ಲಿ ಮಂದಗಾಮಿಗಳ ವಿಷಯವಾಗಿ ಮತ್ತೊಂದು ಬೋಧೆಯೂ ಬಹು ಕಾಲದಿಂದ ನಡೆದು ಬಂದಿತು. ಚಾಮರಾಜನಗರದ ತಾಲ್ಲೂಕಿನ ಮಲೆಯೂರಿನಲ್ಲಿರುವ ಕನಕಗಿರಿಯು ಪ್ರಾಚೀನವಾದ ಜೈನಕ್ಷೇತ್ರ. ಪೂಜ್ಯಪಾದರ ಹೆಸರನ್ನು ಸಂಪ್ರದಾಯವು ಈ ಬೆಟ್ಟದೊಡನೆ ಕೂಡಿಸುತ್ತದೆ. ರಾಜಾವಳೀ ಕಥೆಯನ್ನು ಬರೆದ ದೇವಚಂದ್ರನು ಇಲ್ಲಿಯವನೇ. ಜೈನರ ಮನೆಗಳಲ್ಲಿ ಮಕ್ಕಳು ಇಪ್ಪತ್ತನಾಲ್ಕು ತೀರ್ಥಂಕರರ ಹೆಸರುಗಳನ್ನು ಅವರವರ ಲಾಂಛನಗಳೊಡನೆ ಕಲಿಯುವಾಗ, ಇಪ್ಪತ್ತನೆಯವರಾದ ಮುನಿಸುವ್ರತರ ಲಾಂಛನವು ಆಮೆಯೆಂದು ಕಲಿಯುತ್ತಾರೆ. ಇದಕ್ಕಿಂತ ಮುಖ್ಯವಾದುದು ಇಂದ್ರಿಯಗಳ ಲೆಕ್ಕ. ತತ್ತ್ವಾರ್ಥಸೂತ್ರದ ಪ್ರಕಾರ ಕೃಮಿಗೆ ಸ್ಪರ್ಶ, ರಸ ಎಂಬ ಎರಡು ಇಂದ್ರಿಯಗಳು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಹೀಗೆ ಹುಳುವೂ ಮನುಷ್ಯನೂ ಒಂದೇ ಏಣಿಯ ಮೆಟ್ಟಿಲುಗಳ ಮೇಲೆ ನಿಲ್ಲುತ್ತಾರೆ. ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ನಿಯಮಕ್ಕೆ ಈರ್ಯಾಸಮಿತಿಯೆಂದು ಹೆಸರು. ಮಳೆಗಾಲದಲ್ಲಿ ನೆಲವೆಲ್ಲ ಸಣ್ಣ ಜೀವಗಳಿಂದ ತುಂಬಿರುವುದರಿಂದ ಅವರು ಸಂಚಾರವನ್ನೇ ನಿಲ್ಲಿಸಿ ಒಂದೆಡೆಯಲ್ಲಿ ಚಾತುರ್ಮಾಸ್ಯವನ್ನು ಕಳೆಯುತ್ತಾರೆ. ಈ ಆಚಾರವು ಗೃಹಸ್ಥರಿಗೆ ಪೂರ್ಣವಾಗಿ ಸಾಧ್ಯವಲ್ಲ; ಹೊಲವನ್ನು ಉಳುವವನಿಗಂತೂ ಸಾಧ್ಯವೇ ಇಲ್ಲ. ಆದರೂ ಬೆಟ್ಟವನ್ನು ಏರುವ ಮುನಿಗಳು ಕಾಲ ಕೆಳಗೆ ನೋಡುತ್ತ ನಡೆಯುವುದನ್ನು ಕಂಡ ಮಗುವಿಗೆ, ಮಂದಗಾಮಿಯು ದಾರಿಯಲ್ಲಿರುವಾಗ ವೇಗವನ್ನು ಕಡಮೆ ಮಾಡಬೇಕಾದವನು ನಡೆಯುವವನೇ ಎಂಬುದು ಮಾತಿಲ್ಲದೆ ಮನಸ್ಸಿಗೆ ಹತ್ತುತ್ತದೆ.

ಇನ್ನು ಹೊಸ ಶಾಲೆಗಳ ಕಾಲ. ಮೈಸೂರು ಸೀಮೆಯಲ್ಲಿ 1857ರಲ್ಲಿ ವಿದ್ಯಾ ಇಲಾಖೆಯು ಏರ್ಪಟ್ಟಿತು; 1868ರಿಂದ ಹೋಬಳಿ ಶಾಲೆಗಳು ರೈಸ್ ಸಾಹೇಬರ ಪ್ರಯತ್ನದಿಂದ ಹರಡಿದವು; 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವೂ ಆಯಿತು. ಕೂಲಿಮಠಗಳು ಒಂದೊಂದಾಗಿ ಮುಚ್ಚಿದವು. ಅಚ್ಚಿನ ವಾಚಕಗಳು ಬಂದವು. ಅವುಗಳೊಡನೆ ಈಸೋಪನೂ ಬಂದನು. ಆಮೆಯೂ ಮೊಲವೂ ಪಂತ ಕಟ್ಟಿ ಓಡಿದ ಕಥೆಯು ಪಂಚತಂತ್ರದಲ್ಲಿ ಇಲ್ಲ, ಅದು ಗ್ರೀಸಿನದು. ಆದರೆ ಅದು ಎಷ್ಟು ಬೇಗ ಕನ್ನಡದ ಮನೆಗಳಲ್ಲಿ ಬೇರೂರಿತೆಂದರೆ, ಇಂದು ಅದನ್ನು ಹೇಳುವ ಅಜ್ಜಿಗೆ ಅದು ಪರದೇಶದ್ದೆಂದು ತಿಳಿಸಿದರೆ ನಂಬಲಾರಳು. ಕಥೆಯು ಚೆನ್ನಾಗಿಲ್ಲವೆಂದಲ್ಲ. ಮಂದಬುದ್ಧಿಯೆನಿಸಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತ ಎಷ್ಟೋ ಹುಡುಗರಿಗೆ ಅದು ಧೈರ್ಯವನ್ನು ಕೊಟ್ಟಿದೆ. ಆದರೆ ಅದರಿಂದ ಮಂಥರಕನು ಮರೆಯಾದನು. ಮಂಥರಕನ ಕಥೆಯಲ್ಲಿ ಆಮೆಯು ಕಾಪಾಡಲ್ಪಡಬೇಕಾದ ಗೆಳೆಯ. ಈಸೋಪನ ಕಥೆಯಲ್ಲಿ ಅದು ಗೆಲ್ಲುವ ಪ್ರತಿಸ್ಪರ್ಧಿ. ಪರೀಕ್ಷೆ, ದರ್ಜೆ, ಸರ್ಕಾರಿ ನೌಕರಿ ಇವುಗಳ ಓಟವು ಆರಂಭವಾದ ಕಾಲಕ್ಕೆ ಎರಡನೆಯ ಕಥೆಯು ಹೆಚ್ಚು ಹೊಂದಿಕೊಂಡಿತು. ನಿಜವಾದ ಆಮೆಗಾದರೋ ಯಾವ ಪಂತವೂ ಇಲ್ಲ, ಗೆಲ್ಲುವ ಗುರಿಯೂ ಇಲ್ಲ. ಬೇಡನು ಮಾತ್ರ ಇದ್ದಾನೆ.

ಹೊಸ ಶಾಲೆಗಳಿಂದ ಬಂದುದು ಈಸೋಪನೊಬ್ಬನೇ ಅಲ್ಲ. ಪೆಸ್ಟಲಾಟ್ಸಿಯ ಮತವನ್ನು ಅನುಸರಿಸಿ ವಸ್ತುಪಾಠವೆಂಬುದೂ ಬಂದಿತು. ಪದಾರ್ಥವನ್ನು ಮಗುವಿನ ಕಣ್ಣ ಮುಂದಿಟ್ಟು, ಕೈಯಲ್ಲಿ ಮುಟ್ಟಿಸಿ, ಪ್ರಶ್ನೆಗಳಿಂದ ಅದರ ಗುಣಗಳನ್ನು ಮಗುವಿನ ಬಾಯಿಂದಲೇ ಹೊರಡಿಸಬೇಕೆಂಬುದು ಅದರ ತತ್ತ್ವ. ತತ್ತ್ವವು ಒಳ್ಳೆಯದೇ. ಆದರೆ ಅಧ್ಯಾಪಕರ ಮೇಜಿನ ಮೇಲೆ ಸೀಮೆಸುಣ್ಣವೂ ಉಪ್ಪಿನ ಹರಳೂ ಬಂದಷ್ಟು ಸುಲಭವಾಗಿ ಬಸವನ ಹುಳುವು ಬರಲಿಲ್ಲ. ಮಕ್ಕಳ ಸಾಹಿತ್ಯದಲ್ಲಿಯೂ ಹೀಗೆಯೇ. ಹೆಸರಿನ ಮೊದಲಲ್ಲಿಯೇ ಗುಂಡ್ಲುಪೇಟೆಯ ಗುರುತನ್ನು ಉಳಿಸಿಕೊಂಡಿರುವ ಮನೆತನದ ಜಿ. ಪಿ. ರಾಜರತ್ನಂ ಅವರು ಕನ್ನಡದ ಮಕ್ಕಳಿಗೆ ಕೊಟ್ಟ ಪದ್ಯಗಳಲ್ಲಿ ನಾಯಿಮರಿಯು ಅಮರವಾಯಿತು. ಮನೆಯ ಅಂಗಳದಲ್ಲಿ ಓಡಾಡುವ ಪ್ರಾಣಿಯ ಮೇಲೆ ಮಗುವಿಗೆ ಹುಟ್ಟುವ ಪ್ರೀತಿಯನ್ನು ಅವರಂತೆ ಹಿಡಿದವರು ವಿರಳ. ಕಾಡುಪಾಪಕ್ಕೆ ಅಂತಹ ಕವಿಯು ಇನ್ನೂ ದೊರೆಯಬೇಕಾಗಿದೆ. ಶಾಸ್ತ್ರೀಯವಾದ ತಿಳಿವನ್ನು ಎಳೆಯರಿಗೆ ಕನ್ನಡದಲ್ಲಿ ಕೊಡಬೇಕೆಂದು ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಹೊರತಂದುದು ಈ ದಿಕ್ಕಿನಲ್ಲಿ ಇಟ್ಟ ದೊಡ್ಡ ಹೆಜ್ಜೆ.

ಯೂರೋಪಿನ ಪಂಡಿತರೂ ಮಂದಗಾಮಿಗಳ ವಿಷಯದಲ್ಲಿ ಕೆಲವು ವಿನೋದಗಳನ್ನು ಮಾಡಿದ್ದಾರೆ. 1758ರಲ್ಲಿ ಲಿನ್ನೇಯಸನು ಕಾಡುಪಾಪದ ಜಾತಿಗೆ ಇಟ್ಟ ಲ್ಯಾಟಿನ್ ಹೆಸರಿನಲ್ಲಿ ಟಾರ್ಡಿಗ್ರಾಡಸ್ ಎಂಬ ಪದವಿದೆ. ಮೆಲ್ಲನೆ ಹೆಜ್ಜೆಯಿಡುವುದೆಂದು ಅದರ ಅರ್ಥ. ಶನೈಶ್ಚರ ಎಂಬ ಮಾತಿಗೆ ಸರಿಯಾದ ಮಾತು. 1791ರಲ್ಲಿ ಷಾ ಎಂಬವನು ಭಾರತದ ಕರಡಿಯ ಉದ್ದವಾದ ಉಗುರುಗಳನ್ನೂ, ಮೇಲ್ದವಡೆಯಲ್ಲಿ ಮುಂದಣ ಹಲ್ಲುಗಳಿಲ್ಲದುದನ್ನೂ ನೋಡಿ, ಅದನ್ನು ಅಮೇರಿಕದ ಮರಗಳಲ್ಲಿ ತಲೆಕೆಳಗಾಗಿ ತೂಗುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟನು. ಕರಡಿಯು ಅಟ್ಟಿಸಿಕೊಂಡು ಬಂದುದನ್ನು ಕಂಡ ಸೋಲಿಗನೊಬ್ಬನನ್ನು ಕೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಆ ಕರಡಿಗೆ ಇಂದಿಗೂ ಅದೇ ಹೆಸರು. ಈಗಿನ ಮಕ್ಕಳಾದರೋ ಚಲಚ್ಚಿತ್ರಗಳಿಂದಲೂ ಬಣ್ಣದ ಪುಸ್ತಕಗಳಿಂದಲೂ ಅಮೇರಿಕದ ಆ ಸ್ಲಾತನ್ನು ಚೆನ್ನಾಗಿ ಬಲ್ಲರು. ತಮ್ಮ ತಾಲ್ಲೂಕಿನ ಕಾಡುಪಾಪವನ್ನು ಅರಿಯರು.

ಕಾಡುಪಾಪದ ಸಂಗತಿಯು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಕಾಲು ಕಿಲೋಗ್ರಾಮಿನಷ್ಟು ತೂಗುವ, ಬಾಲವಿಲ್ಲದ, ಕಡ್ಡಿಯಂತಹ ಕೈಕಾಲುಗಳ ಈ ಪ್ರಾಣಿಯು ಕಪಿಗಳಿಗೂ ಮನುಷ್ಯರಿಗೂ ದೂರದ ಬಂಧು. ಹಗಲೆಲ್ಲ ಮರದ ಪೊದೆಯಲ್ಲಿ ಮುದುಡಿ ಮಲಗಿ, ಇರುಳಿನಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತದೆ. ಅದರ ನಿಧಾನವು ಸೋಮಾರಿತನವ್ಲಲ. ಒಂದು ಎಲೆಯೂ ಅಲುಗದಂತೆ ನಡೆಯುವುದರಿಂದಲೇ ಅದು ಗೂಗೆಯ ಕಿವಿಯಿಂದಲೂ ಕಾಡುಬೆಕ್ಕಿನ ಕಣ್ಣಿನಿಂದಲೂ ತಪ್ಪಿಸಿಕೊಳ್ಳುತ್ತದೆ. ಅಪಾಯವು ಸಮೀಪಿಸಿದರೆ ಕಲ್ಲಿನಂತೆ ನಿಶ್ಚಲವಾಗುತ್ತದೆ. ಬೇಕಾದಾಗ ಚುರುಕಾಗಿಯೂ ಚಲಿಸಬಲ್ಲುದು. ತಾಯಿಯು ಕೆಲವು ವಾರಗಳ ಕೂಸನ್ನು ಕೊಂಬೆಯೊಂದರ ಮೇಲೆ ಇರಿಸಿ ಆಹಾರಕ್ಕೆ ಹೋಗಿ, ಬೆಳಗಾಗುವುದರೊಳಗೆ ಬಂದು ಎತ್ತಿಕೊಳ್ಳುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಂತಹ ನಿರಪರಾಧಿಯನ್ನು ಜನರು ಅಪಶಕುನವೆಂದು ಬಡಿದುದೂ, ಅದರ ಕಣ್ಣುಗಳು ವಶೀಕರಣಕ್ಕೂ ಔಷಧಕ್ಕೂ ಬರುವುವೆಂದು ಹಿಡಿದು ಮಾರಿದುದೂ ದಕ್ಷಿಣ ಭಾರತದಲ್ಲೆಲ್ಲ ನಡೆದುಬಂದ ವ್ಯವಹಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ಹುಲಿಯಷ್ಟೇ ರಕ್ಷಣೆಯನ್ನು ಕೊಟ್ಟಿದೆ. ನಕ್ಷತ್ರ ಆಮೆಯ ಕಥೆಯೂ ಇಂತಹುದೇ. ಬೆನ್ನಿನ ಮೇಲಣ ನಕ್ಷತ್ರಗಳ ಚೆಲುವೇ ಅದಕ್ಕೆ ಮೃತ್ಯುವಾಯಿತು. ಮನೆಯಲ್ಲಿಟ್ಟರೆ ಐಶ್ವರ್ಯವು ಬರುವುದೆಂದು ನಂಬಿದವರಿಗಾಗಿಯೂ, ಹೊರದೇಶಗಳ ಸಾಕುಪ್ರಾಣಿಗಳ ಪೇಟೆಗಾಗಿಯೂ ಚೀಲಗಳಲ್ಲಿ ತುಂಬಿ ಸಾಗಿಸಲ್ಪಡುತ್ತಿರುವ ಈ ಆಮೆಯ ಅಂತಾರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಜಿನೀವದಲ್ಲಿ ಸೇರಿದ ರಾಷ್ಟ್ರಗಳು ನಿಷೇಧಿಸಿದವು.

ಕಾಯಿದೆಯು ವಯಸ್ಕರಿಗೆ, ಮಕ್ಕಳಿಗೆ ಬೇಕಾದುದು ಪರಿಚಯ. ತುಮಕೂರು ಜಿಲ್ಲೆಯ ನಾಗವಲ್ಲಿಯಲ್ಲಿ ಶಾಲೆಯ ಅಧ್ಯಾಪಕರೊಬ್ಬರು ತಮ್ಮ ವಿದ್ಯಾರ್ಥಿಗಳೊಡನೆ ಊರಿನ ಸುತ್ತಣ ಮರಗಳಲ್ಲಿರುವ ಕಾಡುಪಾಪಗಳನ್ನು ಹುಡುಕಿ ನೋಡುವ ಅಭ್ಯಾಸವನ್ನು ಮಾಡಿದುದರಿಂದ ಆ ಹಳ್ಳಿಯ ಹೆಸರೇ ಈ ಪ್ರಾಣಿಯೊಡನೆ ಕೂಡಿಕೊಂಡಿತು. ನೆರೆಯ ತಮಿಳುನಾಡಿನಲ್ಲಿ 2022ರಲ್ಲಿ ಕರೂರು ದಿಂಡಿಗಲ್ಲು ಜಿಲ್ಲೆಗಳ 11,806 ಹೆಕ್ಟೇರು ನೆಲವನ್ನು ಕಾಡುಪಾಪಕ್ಕಾಗಿಯೇ ಅಭಯಾರಣ್ಯವಾಗಿ ಸಾರಿದರು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಆರಂಭವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಸೋಲಿಗರ ಮಕ್ಕಳು ಓದುತ್ತಾರೆ. ಈ ಮಕ್ಕಳಿಗೆ ಕಾಡಿನ ಪ್ರಾಣಿಗಳ ಪಾಠವನ್ನು ಪುಸ್ತಕದಿಂದ ಹೇಳಿಕೊಡುವವನು ಮೊದಲು ಅವರಿಂದ ಕೇಳಿ ತಿಳಿದುಕೊಳ್ಳುವುದು ಲೇಸು. ಹೆಜ್ಜೆಯ ಗುರುತು, ಮುರಿದ ಹುಲ್ಲು, ಸಗಣಿಯ ಹಸಿಯೊಣಗು ಇವುಗಳನ್ನು ಹೆತ್ತವರ ಹಿಂದೆ ನಡೆಯುತ್ತಲೇ ಕಲಿತವರು ಅವರು.

ಹಿಂದೆ ಮೈಸೂರಿನ ಅರಸರು ಬಂಡೀಪುರದಲ್ಲಿ 1931ರಲ್ಲಿ ಮೃಗಗಳಿಗೆ ಅಭಯವಿತ್ತಾಗ, ಗೋಪಾಲಸ್ವಾಮಿಯ ಹೆಸರಿನಿಂದ ವೇಣುಗೋಪಾಲ ವನವೆಂದು ಕರೆಯಲ್ಪಟ್ಟ ಆ ಕಾಡಿನ ಮೂಲಕ ಇಂದು ಗುಂಡ್ಲುಪೇಟೆಯಿಂದ ಕೇರಳಕ್ಕೊಂದು, ಊಟಿಗೊಂದು ಹೆದ್ದಾರಿಗಳು ಹೋಗುತ್ತವೆ. ವಾಹನದ ದೀಪವನ್ನು ಕಂಡ ಜಿಂಕೆಯು ಒಂದು ವೇಳೆ ನೆಗೆದು ತಪ್ಪಿಸಿಕೊಂಡೀತು. ಅಪಾಯಕ್ಕೆ ನಿಶ್ಚಲತೆಯೇ ಮದ್ದೆಂದು ಬಲ್ಲ ಕಾಡುಪಾಪವೂ, ಚಿಪ್ಪಿನೊಳಗೆ ತಲೆಯನ್ನು ಸೆಳೆದುಕೊಳ್ಳುವ ಆಮೆಯೂ, ಎಲೆಯಂತೆ ತೂಗುತ್ತ ನಿಲ್ಲುವ ಗೋಸುಂಬೆಯೂ ಹುಲಿ ಗಿಡುಗಗಳಿಗಾಗಿ ಕಲಿತ ವಿದ್ಯೆಯನ್ನು ಲಾರಿಯ ಮುಂದೆಯೂ ಪ್ರಯೋಗಿಸುತ್ತವೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಈ ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ವರೆಗೆ ಸಂಚಾರವನ್ನು ನಿಷೇಧಿಸಿದರು. 2010ರಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆ ವಿಷಯದ ವಾದವಿವಾದಗಳಲ್ಲಿ ಆನೆ ಹುಲಿಗಳ ಹೆಸರು ಕೇಳಿಬಂದಷ್ಟು ಮಂದಗಾಮಿಗಳ ಹೆಸರು ಕೇಳಿಬರಲಿಲ್ಲ. ಆದರೂ ಒಂಬತ್ತು ಗಂಟೆಗಳ ನಿಶ್ಶಬ್ದವು ದೊರೆತಾಗ ಅದರಿಂದ ಹೆಚ್ಚು ಪ್ರಯೋಜನವನ್ನು ಪಡೆದವುಗಳಲ್ಲಿ ಇವೂ ಸೇರಿರಬೇಕು. ಓಡಬಲ್ಲವರೆಲ್ಲರೂ ನಿಂತುಕೊಂಡು ಓಡಲಾರದವರಿಗೆ ದಾರಿಯನ್ನು ಬಿಟ್ಟ ಸಂಗತಿಯಾದುದರಿಂದ ಮಂಥರಕನ ಕಥೆಯನ್ನು ಓದಿದ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ.

ಮಂದಗಾಮಿಗಳೆಲ್ಲವೂ ಸಾಧುಗಳೆಂದು ಮಕ್ಕಳಿಗೆ ಹೇಳುವುದೂ ಸರಿಯಲ್ಲ. ತೋಟಗಳಲ್ಲಿ ಕೈಮುಷ್ಟಿಯಷ್ಟು ಬೆಳೆಯುವ ಆಫ್ರಿಕದ ದೊಡ್ಡ ಬಸವನ ಹುಳುವನ್ನು 1847ರಲ್ಲಿ ಬೆನ್ಸನ್ ಎಂಬ ಆಂಗ್ಲನು ಮಾರಿಷಸಿನಿಂದ ಕಲ್ಕತ್ತೆಗೆ ತಂದು ಬಿಟ್ಟನು. ಅದು ಮೆಲ್ಲಮೆಲ್ಲನೆ ನಡೆದೇ ದೇಶವನ್ನೆಲ್ಲ ವ್ಯಾಪಿಸಿ ಕರ್ಣಾಟಕದ ತೋಟಗಾರರ ಪಾಲಿಗೆ ಪೀಡೆಯಾಗಿದೆ. ರೋಗಕಾರಕಗಳಾದ ಹುಳುಗಳನ್ನು ಹೊತ್ತಿರಬಹುದಾದುದರಿಂದ ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಎರೆಹುಳುವಾದರೋ ಇದಕ್ಕೆ ವಿರುದ್ಧ. ಡಾರ್ವಿನ್ ಮಹಾಶಯನು ತನ್ನ ಜೀವನದ ಕೊನೆಯ ಗ್ರಂಥವನ್ನು 1881ರಲ್ಲಿ ಎರೆಹುಳುವಿನ ಮೇಲೆಯೇ ಬರೆದು, ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು ಮಣ್ಣು ಅವುಗಳ ದೇಹದ ಮೂಲಕ ಹಾದುಹೋಗುವುದೆಂದು ಲೆಕ್ಕ ಹಾಕಿದನು. ಆ ವಯಸ್ಸಿನಲ್ಲಿ ಅವನು ಹುಳುಗಳನ್ನು ಕುಂಡಗಳಲ್ಲಿ ಸಾಕಿ, ರಾತ್ರಿ ದೀಪ ಹಿಡಿದು ನೋಡುತ್ತ, ಅವಕ್ಕೆ ಕಿವಿ ಕೇಳುವುದೇ ಎಂದು ತಿಳಿಯಲು ಅವುಗಳ ಬಳಿ ವಾದ್ಯವನ್ನು ಬಾರಿಸಿ ಪರೀಕ್ಷಿಸಿದನು. ಅವು ಕಿವುಡೆಂದು ತೋರಿತು. ಆದರೆ ಕುಂಡವನ್ನು ಪಿಯಾನೋ ವಾದ್ಯದ ಮೇಲೆಯೇ ಇಟ್ಟಾಗ, ಅದರ ಕಂಪನಕ್ಕೆ ಅವು ಬಿಲದೊಳಗೆ ಸರಿದವು. ಇಂತಹ ಪರೀಕ್ಷೆಗೆ ಐದು ವರ್ಷದ ಮಗುವೂ ತಕ್ಕ ಸಹಾಯಕ.

ಈ ಪಾಠಕ್ಕೆ ಹಣವೂ ಬೇಡ, ಉಪಕರಣವೂ ಬೇಡ. ಚಾಮರಾಜನಗರದ ಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಮಳೆಯು ಮೇ ತಿಂಗಳಿನಲ್ಲಿಯೇ ಚೆನ್ನಾಗಿ ಬೀಳುತ್ತದೆ. ಶಾಲೆಗಳು ಬೇಸಗೆಯ ರಜವನ್ನು ಕಳೆದು ತೆರೆಯುವುದೂ ಆ ತಿಂಗಳ ಕೊನೆಯ ಹೊತ್ತಿಗೇ. ಆಗ ಬೇಲಿಯ ಬುಡದಲ್ಲಿ ಬಸವನ ಹುಳುಗಳು ಹೊರಡುತ್ತವೆ. ಸಾವಿರಕಾಲಿನ ಹುಳುಗಳು ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುತ್ತವೆ. ಎರೆಹುಳುಗಳು ಹೊಲದ ಬದುವನ್ನು ಬಿಟ್ಟು ದಾರಿಗೆ ಬರುತ್ತವೆ. ಕೆರೆಯ ಕೆಸರಿನಲ್ಲಿ ಹುದುಗಿದ್ದ ಆಮೆಯು ಎದ್ದು ನೀರಿನ ಕಡೆಗೆ ಹೊರಡುತ್ತದೆ. ಹೊಸದಾಗಿ ಶಾಲೆಗೆ ಸೇರಿದ ಮಗುವೂ ಅದೇ ದಾರಿಯಲ್ಲಿ, ಅವುಗಳಷ್ಟೇ ನಿಧಾನವಾಗಿ, ಅಲ್ಲಲ್ಲಿ ನಿಂತು ಕುಕ್ಕುರುಗಾಲಿನಲ್ಲಿ ಕುಳಿತು ನೋಡುತ್ತ, ಗಂಟೆ ಬಾರಿಸಿದ ಮೇಲೆ ಶಾಲೆಯನ್ನು ತಲಪುತ್ತದೆ.